ಎಷ್ಟು ಸಾಕು?

ಸುಂಟಿಕೊಪ್ಪದ ಹತ್ತಿರ ನನ್ನ ಸೋದರಮಾವನ ಮನೆಯಿದೆ. ಇಪ್ಪತ್ತು ಎಕರೆ ಕಾಫಿ ತೋಟದ ನಡುವೆ ಹಳೆಯ ಹೆಂಚಿನ ಮನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಾಮ ಒಂದು ತೀರ್ಮಾನಕ್ಕೆ ಬಂದಿದ್ದರು. ಇನ್ನು ಕತ್ತಲಲ್ಲಿ ಕೂರುವುದಿಲ್ಲ, ಸೋಲಾರ್ ಹಾಕಿಸಿ ಬ್ಯಾಟರಿ ಇಡಿಸುವುದೇ ಸೈ ಎಂದು. ಕುಶಾಲನಗರದಿಂದ ಒಬ್ಬ ಹುಡುಗ ಬಂದ. ಏಣಿ ಹತ್ತಿ ಮಾಡು ನೋಡಿದ, ಸುತ್ತಲಿನ ಮರಗಳ ನೆರಳು ನೋಡಿದ. ಆಮೇಲೆ ಜಗಲಿಯಲ್ಲಿ ಕುಳಿತು ಒಂದು ಹಾಳೆ ತೆಗೆದು, "ಕಾಕ, ನಿಮಗೆ ಎಷ್ಟು ಬೇಕು?" ಎಂದು ಕೇಳಿದ.

"ಎಷ್ಟು ಅಂದರೆ? ಮನೆಗೆ ಬೇಕಾದಷ್ಟು."

"ಅದನ್ನೇ ಕೇಳಿದ್ದು. ಮನೆಗೆ ಬೇಕಾದಷ್ಟು ಅಂದರೆ ಎಷ್ಟು?"

ಮಾಮ ಒಳಗೆ ನೋಡಿದರು. ಮಾಮಿ ಬಾಗಿಲಿಗೆ ಬಂದು ನಿಂತರು. ಆ ಮನೆಯಲ್ಲಿ ಕರೆಂಟು ಬಂದು ಎಷ್ಟೋ ವರ್ಷಗಳಾಗಿವೆ, ಬಿಲ್ಲು ತಪ್ಪದೆ ಕಟ್ಟಿದ್ದಾರೆ. ಆದರೆ ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ನಿಮ್ಮ ಮನೆಯಲ್ಲಿಯೂ ಯಾರೂ ಕೇಳಿರಲಾರರು. ತಂತಿಯಲ್ಲಿ ಬರುವ ವಿದ್ಯುತ್ತಿಗೆ ಕೊನೆಯಿಲ್ಲ ಎಂಬಂತೆ ನಾವು ಬದುಕುತ್ತೇವೆ. ಬಳಸಿಯಾದ ಮೇಲೆ ಬಿಲ್ಲು ಬರುತ್ತದೆ. ಸೋಲಾರ್ ಬ್ಯಾಟರಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಇಲ್ಲಿ ಬಳಸುವ ಮೊದಲೇ, "ನನಗೆ ಇಷ್ಟು ಸಾಕು" ಎಂದು ಬರೆದುಕೊಡಬೇಕು. ತಂತ್ರಜ್ಞನ ಪಾಲಿಗೆ ಅದು ಒಂದು ಅಂಕಿ. ಮನುಷ್ಯನ ಪಾಲಿಗೆ ಅದು ಬಹಳ ಹಳೆಯ ಪ್ರಶ್ನೆ.

ಕೊಡಗಿನವರಿಗೆ ಈ ಹಂಬಲ ಏಕೆ ಬಂತೆಂದು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬೀಳುವುದು ಇಲ್ಲಿ ಸುದ್ದಿಯೇ ಅಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಕುಸಿದಾಗ ರಸ್ತೆಗಳು ಮುಚ್ಚಿದವು, ಕಂಬಗಳು ಉರುಳಿದವು, ದಿನಗಟ್ಟಲೆ ಊರುಗಳು ಕತ್ತಲಲ್ಲಿದ್ದವು. ಮೊಬೈಲಿನಲ್ಲಿ ಉಳಿದಿದ್ದ ಕೊನೆಯ ಒಂದೆರಡು ಗೆರೆ ಚಾರ್ಜು ಅಂದು ಎಷ್ಟು ಅಮೂಲ್ಯವಾಗಿತ್ತೆಂದು ಅನುಭವಿಸಿದವರಿಗೇ ಗೊತ್ತು. 2019 ಮತ್ತು 2020ರ ಆಗಸ್ಟ್ ಕೂಡ ಸುಮ್ಮನೆ ಹೋಗಲಿಲ್ಲ.

ಇನ್ನೊಂದು ಮಾತೂ ಇದೆ. ತಲಕಾವೇರಿಯಲ್ಲಿ ಹುಟ್ಟುವ ನದಿಯ ನೀರಿನಿಂದಲೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಯಿತು. ಮೈಸೂರಿನಿಂದ ಕೋಝಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟಿನ ದೊಡ್ಡ ಮಾರ್ಗ ಕೊಡಗಿನ ಮರಗಳನ್ನು ಉರುಳಿಸಿಯೇ ದಾಟಿತು. ಅದನ್ನು ವಿರೋಧಿಸಿ ಇಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. ತಲೆಯ ಮೇಲೆ ವಿದ್ಯುತ್ತು ಹರಿಯುತ್ತಿದ್ದರೂ ಕೆಳಗಿನ ಮನೆಯಲ್ಲಿ ಮೇಣದಬತ್ತಿ ಹುಡುಕಬೇಕು. ಹೀಗಿರುವಾಗ ಒಬ್ಬ ಮನುಷ್ಯ ತನ್ನ ಮಾಡಿನ ಬಿಸಿಲನ್ನು ತಾನೇ ಹಿಡಿದಿಟ್ಟುಕೊಳ್ಳಲು ಬಯಸಿದರೆ ಅದನ್ನು ಆಸೆಬುರುಕತನ ಎನ್ನಲಾಗದು.

ಆದರೆ ಎಷ್ಟು ಹಿಡಿದಿಡಬೇಕು? ಹುಡುಗ ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಬರೆಯತೊಡಗಿದ. ಸಾವಿರ ವ್ಯಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್. ಒಂಬತ್ತು ವ್ಯಾಟಿನ ಹನ್ನೆರಡು ದೀಪ ಐದು ಗಂಟೆ ಉರಿದರೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ಮೂರು ಫ್ಯಾನು ಆರು ಗಂಟೆ ತಿರುಗಿದರೆ ಒಂದೂಕಾಲು. ಫ್ರಿಜ್ಜಿಗೆ ದಿನಕ್ಕೆ ಒಂದು. ನೀರಿನ ಮೋಟಾರಿಗೆ ಮುಕ್ಕಾಲು. ಟಿವಿ, ಮಿಕ್ಸಿ, ವೈಫೈ, ಮೊಬೈಲು ಎಲ್ಲ ಸೇರಿ ಸುಮಾರು ಒಂದು. ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿಪೆಟ್ಟಿಗೆ ಸೇರಿ ಇನ್ನೊಂದು. ಇಂಡಕ್ಷನ್ ಒಲೆಗೆ ಒಂದೂವರೆ. ಎರಡು ಸಾವಿರ ವ್ಯಾಟಿನ ಗೀಸರ್ ಒಂದೂವರೆ ಗಂಟೆ ನಡೆದರೆ ಮೂರು. ಒಟ್ಟು ಹತ್ತು ಯೂನಿಟ್.

"ಹತ್ತು ಹೆಚ್ಚೇನಲ್ಲವಲ್ಲ?" ಎಂದರು ಮಾಮ.

ಹುಡುಗ ಲೆಕ್ಕ ಮುಂದುವರಿಸಿದ. ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಫಲಕ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಜನವರಿಯಲ್ಲಾದರೆ ಮೂರು ಕಿಲೋವ್ಯಾಟ್ ಧಾರಾಳ. ಆದರೆ ಕರೆಂಟು ಹೋಗುವುದು ಜನವರಿಯಲ್ಲಲ್ಲ, ಕಕ್ಕಡದ ಮಳೆಯಲ್ಲಿ. ಆಗ ಒಂದು ಕಿಲೋವ್ಯಾಟಿಗೆ ದಿನಕ್ಕೆ ಒಂದು ಯೂನಿಟ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ಇನ್ವರ್ಟರಿನಲ್ಲಿ ಸೋರುವುದನ್ನೂ ಸೇರಿಸಿದರೆ ಹನ್ನೆರಡು ಕಿಲೋವ್ಯಾಟ್ ಫಲಕ ಬೇಕು. ಬಿಸಿಲೇ ಕಾಣದ ಎರಡು ದಿನಕ್ಕೆ ಕೂಡಿಡಬೇಕೆಂದರೆ ಇಪ್ಪತ್ತು ಯೂನಿಟ್. 150 ಆಂಪಿಯರ್ ಅವರಿನ ಸಾಮಾನ್ಯ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನಷ್ಟೇ ತೆಗೆಯಬೇಕು. ಇನ್ವರ್ಟರಿನಲ್ಲಿ ಸೋರುವುದನ್ನು ಇಲ್ಲಿಯೂ ಸೇರಿಸಿದರೆ ಸುಮಾರು ಇಪ್ಪತ್ತಾರು ಬ್ಯಾಟರಿ.

"ಇಪ್ಪತ್ತಾರು ಬ್ಯಾಟರಿಯಾ? ಹಾಗಾದರೆ ಮನೆಯಲ್ಲಿ ನಾವೆಲ್ಲಿರುವುದು?" ಎಂದು ಮಾಮಿ ನಕ್ಕರು.

ನಗುವಿನ ಹಿಂದೆ ಒಂದು ಗಂಭೀರ ಸಂಗತಿಯಿದೆ. ಅತ್ಯಂತ ಕೆಟ್ಟ ದಿನದಲ್ಲಿಯೂ ಅತ್ಯಂತ ಒಳ್ಳೆಯ ದಿನದ ಹಾಗೆಯೇ ಬದುಕುತ್ತೇನೆಂದು ಹೊರಟರೆ ಬದುಕಿನ ಬೆಲೆ ನಾಲ್ಕೈದು ಪಟ್ಟು ಏರುತ್ತದೆ. ಹಾಗೆ ತಂದಿಟ್ಟದ್ದು ವರ್ಷದ ಹೆಚ್ಚಿನ ದಿನ ಸುಮ್ಮನೆ ಕುಳಿತಿರುತ್ತದೆ. ಹೆಚ್ಚಾದ ಫಲಕ ನಷ್ಟವಲ್ಲ ನಿಜ. ಎರಡೂ ದಿಕ್ಕಿನ ಮೀಟರಿದ್ದರೆ ಉಳಿದ ವಿದ್ಯುತ್ತು ಊರಿನ ಜಾಲಕ್ಕೆ ಹೋಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಉರಿಯುತ್ತದೆ. ಬ್ಯಾಟರಿ ಹಾಗಲ್ಲ. ಬಳಸದಿದ್ದರೂ ಅದಕ್ಕೆ ಮುಪ್ಪು ಬರುತ್ತದೆ. ಕೂಡಿಟ್ಟದ್ದು ಕೂಡಿಟ್ಟಲ್ಲಿಯೇ ಸವೆಯುತ್ತದೆ. ಮನೆ ನಡೆಸಲು ಬೇಕಾದ ಸಂಪತ್ತಿಗೆ ಸಹಜವಾದ ಒಂದು ಮಿತಿಯಿದೆ, ಸಂಪತ್ತಿಗಾಗಿಯೇ ಸಂಪತ್ತು ಕೂಡಿಸುವುದಕ್ಕೆ ಮಿತಿಯಿಲ್ಲ ಎಂದು ಗ್ರೀಸಿನ ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ವಾದಿಸಿದ್ದ. ಅವನು ಬ್ಯಾಟರಿ ಕಂಡವನಲ್ಲ, ಆದರೆ ಆ ವ್ಯತ್ಯಾಸ ಇಲ್ಲಿಗೂ ಹೊಂದುತ್ತದೆ.

ಹಾಗಾದರೆ ಪಟ್ಟಿಯಿಂದ ಏನನ್ನು ತೆಗೆಯಬೇಕು? ಮಾಮ ಥಟ್ಟನೆ ಹೇಳಿದರು: "ಗೀಸರ್ ತೆಗಿ. ಅದು ಐಷಾರಾಮ. ನಮ್ಮ ಕಾಲದಲ್ಲಿ ಹಂಡೆ ನೀರೇ ಇದ್ದದ್ದು."

ಮಾಮಿ ಸುಮ್ಮನಿರಲಿಲ್ಲ. "ಆ ಹಂಡೆಗೆ ಬೆಂಕಿ ಹಾಕಿದ್ದು ಯಾರು? ಸುಬಹಿಗೆ ಎದ್ದು ಒದ್ದೆ ಸೌದೆಗೆ ಊದಿ ಕಣ್ಣು ಕೆಂಪಾಗಿಸಿಕೊಂಡವರು ಯಾರು?"

ಸರಳ ಬದುಕಿನ ಬಗ್ಗೆ ಮಾತನಾಡುವ ನಾವೆಲ್ಲ ಕೇಳಿಸಿಕೊಳ್ಳಬೇಕಾದ ಮಾತಿದು. ಮನೆಯಲ್ಲಿ ಮಿತವ್ಯಯದ ಆದರ್ಶ ಹೇಳುವವರು ಒಬ್ಬರು, ಅದರ ದುಡಿಮೆ ಹೊರುವವರು ಇನ್ನೊಬ್ಬರು. ಗಂಡಸರು ಐಷಾರಾಮವೆಂದು ಮೊದಲು ಹೊಡೆದುಹಾಕುವುದು ಸಾಮಾನ್ಯವಾಗಿ ಮಿಕ್ಸಿ, ಗೀಸರ್, ಬಟ್ಟೆ ಒಗೆಯುವ ಯಂತ್ರಗಳನ್ನು. ಕ್ರಿಕೆಟ್ ತೋರಿಸುವ ಟಿವಿಯನ್ನಲ್ಲ. ಇನ್ನೊಬ್ಬರ ಬೆನ್ನಿನ ಮೇಲೆ ಹೇರಿದ ಸರಳತೆಯನ್ನು ನಮ್ಮ ಗುಣವೆಂದು ಹೇಳಿಕೊಳ್ಳುವುದು ಸಲ್ಲ.

ಫ್ರಿಜ್ಜಿನ ಸರದಿ ಬಂತು. ಮಳೆಗಾಲದ ಚಳಿಯಲ್ಲಿ ಫ್ರಿಜ್ಜು ಏಕೆ ಎಂದು ನಾನೇ ಬಾಯಿ ಹಾಕಿದೆ. ಮಾಮಿ ಒಳಕೋಣೆಯ ಕಡೆ ಕೈ ತೋರಿಸಿದರು. ಅಲ್ಲಿ ಅಜ್ಜಿ ಮಲಗಿದ್ದರು. ಅವರಿಗೆ ದಿನವೂ ಇನ್ಸುಲಿನ್ ಬೇಕು. ಈಗ ಬಳಸುತ್ತಿರುವ ಬಾಟಲಿ ಕೆಲವು ವಾರ ಹೊರಗಿದ್ದರೂ ನಡೆಯುತ್ತದೆ. ಆದರೆ ಒಡೆಯದ ಬಾಟಲಿಗಳನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಇಡಬೇಕು. ರಸ್ತೆ ಮುಚ್ಚಿದರೆ ಹೊಸದು ಸಿಗುವುದೂ ಇಲ್ಲ. ಒಂದೇ ಫ್ರಿಜ್ಜು ಒಂದು ಮನೆಯಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ, ಇನ್ನೊಂದು ಮನೆಯಲ್ಲಿ ಜೀವ ಉಳಿಸುವ ಪೆಟ್ಟಿಗೆ. ಅಗತ್ಯ ಮತ್ತು ಐಷಾರಾಮ ಎಂಬ ಮುದ್ರೆ ವಸ್ತುವಿನ ಮೇಲೆ ಇರುವುದಿಲ್ಲ. ಆ ವಸ್ತು ಯಾರ ಯಾವ ಕೆಲಸಕ್ಕೆ ಎಂಬುದರಲ್ಲಿ ಇರುತ್ತದೆ. ಕರ್ನಾಟಕದಲ್ಲಿ ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿದ ಸೆಲ್ಕೋ ಸಂಸ್ಥೆ 1995ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಗೆ ಬೇಕಾದ ಬೆಳಕು ಬೇರೆ, ಓದುವ ಮಗುವಿಗೆ ಬೇಕಾದ ಬೆಳಕು ಬೇರೆ ಎಂದು ಕೆಲಸ ನೋಡಿ ದೀಪ ಕೊಡುವುದೇ ಅವರ ದಾರಿಯಾಗಿತ್ತು.

ಕೊನೆಗೆ ಎರಡನೆಯ ಪಟ್ಟಿ ಸಿದ್ಧವಾಯಿತು. ಅದರ ತಲೆಬರಹ 'ಮನೆಗೆ ಬೇಕಾದದ್ದು' ಅಲ್ಲ, 'ಕರೆಂಟಿಲ್ಲದ ದಿನಕ್ಕೆ ಬೇಕಾದದ್ದು'. ಐದು ದೀಪ, ಫ್ರಿಜ್ಜು, ವೈಫೈ ಮತ್ತು ಮೊಬೈಲು, ಹತ್ತು ನಿಮಿಷ ಮಿಕ್ಸಿ, ವಾರ್ತೆಗೆಂದು ಒಂದು ಗಂಟೆ ಟಿವಿ. ಒಟ್ಟು ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚು. ಎರಡು ಕಿಲೋವ್ಯಾಟ್ ಫಲಕ, ಐದು ಯೂನಿಟ್ ಹಿಡಿಯುವ ಒಂದು ಲಿಥಿಯಂ ಬ್ಯಾಟರಿ. ಗೀಸರ್ ಇರುತ್ತದೆ, ಹೊರಗಿನ ಕರೆಂಟು ಇರುವಾಗ ಮಾತ್ರ ನಡೆಯುತ್ತದೆ. ಇಲ್ಲದ ದಿನ ಹಂಡೆಗೆ ಬೆಂಕಿ ಹಾಕುವವರು ಮಾಮ. ಈ ಷರತ್ತನ್ನು ಮಾಮಿ ಹಾಳೆಯ ಮೇಲೆಯೇ ಬರೆಸಿದರು.

ನೋಡಿ, ಹತ್ತು ಯೂನಿಟ್ ಒಂದೂವರೆಗೆ ಇಳಿಯಿತು. ಯಾರೂ ಹಸಿಯಲಿಲ್ಲ, ಯಾರೂ ಕತ್ತಲಲ್ಲಿ ಕೂರಲಿಲ್ಲ. ಬೇಕು ಎಂದುಕೊಂಡದ್ದರಲ್ಲಿ ಹೆಚ್ಚಿನದು ಬೇಕೇ ಎಂದು ಯಾರೂ ಕೇಳದೆ ಇದ್ದುದರಿಂದ ಬೇಕಾಗಿತ್ತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದ. ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ನಡೆಯತೊಡಗಿದಾಗ ದೇಶದ ಕಲ್ಲಿದ್ದಲು ಖರ್ಚು ಇಳಿಯುವ ಬದಲು ಏರಿತು ಎಂದು. ನಮ್ಮ ಮನೆಗಳಲ್ಲಿಯೂ ಅದೇ ಕತೆ. ಅರವತ್ತು ವ್ಯಾಟಿನ ಬಲ್ಬು ಹೋಗಿ ಒಂಬತ್ತು ವ್ಯಾಟಿನ ದೀಪ ಬಂತು. ಉಳಿತಾಯವಾಯಿತೆಂದು ಅಂಗಳದಲ್ಲಿ, ಗೇಟಿನಲ್ಲಿ, ಮೆಟ್ಟಿಲಿನಲ್ಲಿ ದೀಪಗಳು ಹುಟ್ಟಿಕೊಂಡವು. ಸಾಧನ ಮಿತವಾದರೆ ಸಾಲದು, ಮನಸ್ಸಿನಲ್ಲಿ ಒಂದು ಗೆರೆ ಇರಬೇಕು.

ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಸರ್ಕಾರಗಳೂ ಹುಡುಕುತ್ತಿವೆ. 2023ರಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಒಳಗೆ ಬಳಸುವ ಮನೆಗೆ ಅದರ ಹಿಂದಿನ ವರ್ಷದ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10 ಉಚಿತ ಎಂಬ ನಿಯಮ ಮಾಡಲಾಯಿತು. ಆಡಳಿತಕ್ಕೆ ಇದು ಸುಲಭದ ಅಳತೆ. ಆದರೆ 150 ಯೂನಿಟ್ ಬಳಸುತ್ತಿದ್ದವನಿಗೆ 15 ಹೆಚ್ಚಿಗೆ ಸಿಕ್ಕಿದರೆ, ಇಪ್ಪತ್ತರಲ್ಲಿ ತಿಂಗಳು ಸಾಗಿಸುತ್ತಿದ್ದ ಒಂಟಿ ಮುದುಕಿಗೆ ಸಿಕ್ಕಿದ್ದು ಎರಡು. ನಿನ್ನೆ ಇಲ್ಲದೆ ಬದುಕಿದವಳಿಗೆ ಇಂದೂ ಬೇಡ ಎಂದಂತಾಯಿತು. 2024ರ ಜನವರಿಯಲ್ಲಿ 48 ಯೂನಿಟ್ ಒಳಗಿನವರಿಗೆ ಶೇಕಡಾ 10ರ ಬದಲು ಹತ್ತು ಯೂನಿಟ್ ಎಂದು ಇದನ್ನು ತಿದ್ದಲಾಯಿತು. 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆ ಎರಡು ಕಿಲೋವ್ಯಾಟಿಗೆ 60,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಪಡಿಸಿತು. ಮೂರರ ಆಚೆಗೆ ನಿನ್ನ ಆಸೆ ನಿನ್ನ ಖರ್ಚಿನಲ್ಲಿ ಎಂದು ಹೇಳಿದ ಹಾಗೆ. ಇದ್ದದ್ದನ್ನು ಅಳೆಯುವುದು ಬೇರೆ, ಬೇಕಾದದ್ದನ್ನು ಅಳೆಯುವುದು ಬೇರೆ. ಇಲ್ಲದವನ ಹಿಂದಿನ ಲೆಕ್ಕ ನೋಡಿದರೆ ಅವನ ಬಡತನ ಕಾಣುತ್ತದೆಯೇ ಹೊರತು ಅವನ ಅಗತ್ಯ ಕಾಣುವುದಿಲ್ಲ.

ಹುಡುಗ ಇನ್ನೊಂದು ವಿಷಯ ಹೇಳಿದ. ಬ್ಯಾಟರಿಯಿಲ್ಲದ ಸಾಧಾರಣ ಸೋಲಾರ್ ವ್ಯವಸ್ಥೆ, ಹೊರಗಿನ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಮಾಡಿನ ಮೇಲೆ ರಣಬಿಸಿಲು ಇದ್ದರೂ ಮನೆಯೊಳಗೆ ದೀಪ ಉರಿಯದು. ಇದು ಕಂಪೆನಿಯ ಮೋಸವೆಂದು ತಿಳಿದು ಸಿಟ್ಟಾದವರನ್ನು ನಾನು ಕಂಡಿದ್ದೇನೆ. ಕಾರಣ ಬೇರೆ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್, ತಂತಿಯಲ್ಲಿ ವಿದ್ಯುತ್ತಿಲ್ಲವೆಂಬ ನಂಬಿಕೆಯಲ್ಲಿ ಅದನ್ನು ಮುಟ್ಟುತ್ತಾನೆ. ಆ ಹೊತ್ತಿನಲ್ಲಿ ನನ್ನ ಮಾಡಿನ ವಿದ್ಯುತ್ತು ತಂತಿಗೆ ಹರಿದರೆ ಅವನ ಜೀವ ಹೋಗಬಹುದು. ಬ್ಯಾಟರಿಯಿರುವ ವ್ಯವಸ್ಥೆಯೂ ಮೊದಲು ತನ್ನನ್ನು ಹೊರತಂತಿಯಿಂದ ಕತ್ತರಿಸಿಕೊಂಡು ಆಮೇಲಷ್ಟೇ ಮನೆಗೆ ದೀಪ ಕೊಡಬೇಕು. ಸ್ವಾವಲಂಬನೆ ಎಂದರೆ ಯಾರ ಹಂಗೂ ಇಲ್ಲದಿರುವುದು ಎಂದು ನಾವು ತಿಳಿದಿದ್ದೇವೆ. ಆದರೆ ಬಿಸಿಲು ನನ್ನದು, ಫಲಕ ನನ್ನದು, ದುಡ್ಡು ನನ್ನದು ಎಂದ ಮೇಲೂ, ಕಂಬದ ಮೇಲಿರುವ ಒಬ್ಬ ಅಪರಿಚಿತನ ಜೀವಕ್ಕೆ ನಾನು ಬದ್ಧ.

ಕಂಬದ ಮೇಲಿನವನು ದೂರದವನು. ಹತ್ತಿರದವರ ಮಾತು ತೆಗೆದದ್ದು ತೋಟದ ಮೇಸ್ತ್ರಿ. ಮನೆಯಿಂದ ಇನ್ನೂರು ಹೆಜ್ಜೆ ಕೆಳಗೆ ಲೈನ್ ಮನೆಗಳಿವೆ. ಆರು ಕುಟುಂಬ. ಕೆಲವರು ತಲೆಮಾರಿನಿಂದ ಇಲ್ಲೇ ಇರುವ ಯರವರು, ಕೆಲವರು ಅಸ್ಸಾಮಿನಿಂದ ಬಂದವರು. ಅದುವರೆಗಿನ ಎರಡೂ ಪಟ್ಟಿಯಲ್ಲಿ ಆ ಆರು ಮನೆ ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ನೆನಪಾಗಲಿಲ್ಲ, ಅಷ್ಟೇ. ಅನ್ಯಾಯಗಳಲ್ಲಿ ಹೆಚ್ಚಿನವು ದ್ವೇಷದಿಂದ ಹುಟ್ಟುವುದಿಲ್ಲ, ಹೀಗೆ ನೆನಪಾಗದಿರುವುದರಿಂದ ಹುಟ್ಟುತ್ತವೆ.

ಮೇಸ್ತ್ರಿ ಅಂಗಳದಲ್ಲಿ ನಿಂತು, "ಸಾವ್ಕಾರ್ರೇ, ಮಳೆಗಾಲದಲ್ಲಿ ಲೈನಿನ ಹುಡುಗರು ಮೊಬೈಲ್ ಚಾರ್ಜಿಗೆ ಇಲ್ಲಿಗೆ ಬಂದರೆ ಆಗ್ತದಾ?" ಎಂದು ಕೇಳಿದ.

ಹುಡುಗನ ಪೆನ್ನು ತಾನಾಗಿಯೇ ಹಾಳೆಗೆ ಹೋಯಿತು. ಆರು ಮನೆ, ಮನೆಗೆ ಎರಡು ದೀಪ, ನಾಲ್ಕು ಗಂಟೆ. ಆರು ಮೊಬೈಲು. ಒಟ್ಟು ಅರ್ಧ ಯೂನಿಟ್‌ಗಿಂತ ಕೂದಲೆಳೆಯಷ್ಟು ಹೆಚ್ಚು. ಮಾಮನ ಮನೆಯ ಗೀಸರ್ ಕಾಲು ಗಂಟೆಯಲ್ಲಿ ಕುಡಿಯುವಷ್ಟು. ಆರು ಕುಟುಂಬದ ಇಡೀ ರಾತ್ರಿಯ ಬೆಳಕು ಮತ್ತು ಒಬ್ಬರ ಸ್ನಾನದ ನೀರು ಒಂದೇ ತಕ್ಕಡಿಯಲ್ಲಿ ಸಮನಾಗಿ ನಿಂತವು. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮಾಮ ಕೆಟ್ಟವರಲ್ಲ. "ಅಷ್ಟೇ ಅಲ್ಲವಾ, ಬ್ಯಾಟರಿಯಿಂದ ಒಂದು ತಂತಿ ಕೆಳಗೆ ಎಳೆದುಬಿಡು" ಎಂದರು. ಮೇಸ್ತ್ರಿ ತಲೆ ಕೆರೆದುಕೊಂಡು ಮೆಲ್ಲಗೆ ಕೇಳಿದ: "ಸ್ವಿಚ್ಚು ಎಲ್ಲಿರ್ತದೆ ಸಾವ್ಕಾರ್ರೇ?"

ಈ ಪ್ರಶ್ನೆಯನ್ನು ನಾನು ಆಮೇಲೆ ಬಹಳ ದಿನ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಸ್ವಿಚ್ಚು ದೊಡ್ಡಮನೆಯಲ್ಲಿದ್ದರೆ, ಬ್ಯಾಟರಿ ಇಳಿದ ದಿನ ಮೊದಲು ಆರುವುದು ಲೈನಿನ ದೀಪ. ಯಾರ ಮೇಲಾದರೂ ಸಿಟ್ಟು ಬಂದ ದಿನವೂ ಅದೇ ಆರುತ್ತದೆ. ಆಗ ಆ ಬೆಳಕು ದಯೆ. ದಯೆ ಒಳ್ಳೆಯದೇ, ಆದರೆ ಅದರ ಸ್ವಿಚ್ಚು ಯಾವಾಗಲೂ ಕೊಡುವವನ ಗೋಡೆಯಲ್ಲಿರುತ್ತದೆ. ತೆಗೆದುಕೊಳ್ಳುವವನು ಪ್ರತಿ ಸಂಜೆ ಆ ಗೋಡೆಯ ಕಡೆ ನೋಡಬೇಕಾಗುತ್ತದೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ತಳ್ಳಿಹಾಕಬಾರದು. ದುಡ್ಡು ಹಾಕುವವನು ಮಾಲೀಕ. ಕಾಫಿಯ ಬೆಲೆ ಈ ವರ್ಷ ಇದ್ದಂತೆ ಮುಂದಿನ ವರ್ಷ ಇರುವುದಿಲ್ಲ. ಒಮ್ಮೆ ಕೊಟ್ಟದ್ದು ರೂಢಿಯಾಗುತ್ತದೆ, ನಿಲ್ಲಿಸಿದರೆ ಕೆಟ್ಟ ಹೆಸರು. ಬೆಳಕು ಕೊಡುವುದು ಸರ್ಕಾರದ ಕೆಲಸವಲ್ಲವೇ? 1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕರ ವಸತಿಯನ್ನು ಮಾಲೀಕನ ಹೊಣೆ ಎಂದಿತ್ತು, ಆದರೆ ಹದಿನೈದಕ್ಕಿಂತ ಕಡಿಮೆ ಆಳುಗಳಿರುವ ತೋಟಕ್ಕೆ ಅದು ತಗಲುತ್ತಿರಲಿಲ್ಲ. ಇವೆಲ್ಲ ನ್ಯಾಯವಾದ ಮಾತುಗಳೇ. ಆದರೂ ಕಾಯಿದೆ ಕೈಬಿಟ್ಟಲ್ಲಿ ಹೊಣೆಯೂ ಮುಗಿಯಿತೆಂದು ಹೇಳಲು ಬಾಯಿ ಬರುವುದಿಲ್ಲ. ಈ ಮನೆಗೆ ಸೋಲಾರ್ ಹಾಕಿಸುವ ಹಣ ಎಲ್ಲಿಂದ ಬಂತು? ಕಾಫಿಯಿಂದ. ಆ ಕಾಫಿಯನ್ನು ಕೊಯ್ದ ಕೈಗಳು ಇನ್ನೂರು ಹೆಜ್ಜೆ ಕೆಳಗಿವೆ. ಒಂದೇ ಗಾಳಿಗೆ ಒಂದೇ ತಂತಿ ಕಡಿದು ಎರಡೂ ಕಡೆ ಕತ್ತಲಾಗುವಾಗ, ಒಂದು ಕಡೆಯ ಕತ್ತಲನ್ನು ಮಾತ್ರ ಪಟ್ಟಿಗೆ ಸೇರಿಸುವುದು ಹೇಗೆ?

ದಾರಿ ತೋರಿಸಿದ್ದು ಆ ಹುಡುಗನೇ. ತಂತಿ ಎಳೆಯುವುದು ಬೇಡ ಕಾಕ, ಪ್ರತಿ ಲೈನ್ ಮನೆಯ ಮಾಡಿಗೆ ನೂರು ವ್ಯಾಟಿನ ಒಂದು ಸಣ್ಣ ಫಲಕ, ಒಳಗೆ ಹನ್ನೆರಡು ವೋಲ್ಟಿನ ಒಂದು ಪುಟ್ಟ ಲಿಥಿಯಂ ಬ್ಯಾಟರಿ, ಎರಡು ದೀಪ, ಒಂದು ಚಾರ್ಜಿಂಗ್ ಪಾಯಿಂಟ್. ಮಳೆಯಲ್ಲೂ ಎರಡು ದಿನಕ್ಕೆ ಸಾಕು. ಸ್ವಿಚ್ಚು ಅವರ ಗೋಡೆಯಲ್ಲಿರುತ್ತದೆ. ಮೊದಲ ಪಟ್ಟಿಯಿಂದ ಹೊಡೆದುಹಾಕಿದ್ದರ ಮುಂದೆ ಇದರ ಖರ್ಚು ದೊಡ್ಡದಲ್ಲ ಎಂದು ಅವನು ಹಾಳೆ ತಿರುಗಿಸಿ ತೋರಿಸಿದ. ಮಾಮ ಬಹಳ ಹೊತ್ತು ಆ ಹಾಳೆ ನೋಡಿದರು. ಮಾಮಿ, "ಇದು ಮೊದಲು ಆಗಲಿ, ನಮ್ಮದು ಆಮೇಲೆ" ಎಂದರು. ಮನೆಯ ಫಲಕಗಳನ್ನು ಹೆಂಚಿನ ಮಾಡಿಗೆ ಹಾಕದೆ ಕಣದ ಪಕ್ಕದ ಗೋದಾಮಿನ ತಗಡಿನ ಮೇಲೆ ಕೂರಿಸುವುದೆಂದಾಯಿತು. ಹಾಗಾಗಿ ನೆರಳಿನ ನೆಪದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಮರಗಳಿಗೆ ಕೊಡಲಿ ಬೀಳುವುದೂ ತಪ್ಪಿತು.

ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಬ್ಯಾಟರಿಗೂ ಆಯಸ್ಸಿದೆ. ಕೆಲವು ವರ್ಷಗಳ ನಂತರ ಆ ಆರು ಪುಟ್ಟ ಬ್ಯಾಟರಿಗಳನ್ನು ಬದಲಿಸುವವರು ಯಾರು, ಹಳೆಯದು ಯಾವ ತೋಡಿನ ಬದಿಯಲ್ಲಿ ಬೀಳುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. ಲೈನ್ ಮನೆಯವರು ನಾಳೆ ಟಿವಿ ಬೇಕೆಂದರೆ? ಕೇಳಲಿ. ಅವರ ಮಕ್ಕಳಿಗೂ ಒಂದು ಪಟ್ಟಿ ಬರೆಯುವ ಹಕ್ಕಿದೆ. ಬೇಕುಗಳನ್ನು ಬರೆದು, ಅಳೆದು, ಹೊಡೆದುಹಾಕುವ ಅವಕಾಶ ಸಿಕ್ಕಿದವನಿಗೆ ಮಾತ್ರ ಮಿತವ್ಯಯ ಒಂದು ಗುಣವಾಗುತ್ತದೆ. ಆ ಅವಕಾಶವೇ ಇಲ್ಲದವನದು ಮಿತವ್ಯಯವಲ್ಲ, ಕೊರತೆ.

ನಮ್ಮ ಭಾಷೆಯಲ್ಲಿ 'ಸಾಕು' ಎಂಬ ಶಬ್ದಕ್ಕೆ ಎರಡು ಅರ್ಥ. ಇಷ್ಟೇ ಇರಲಿ ಎನ್ನುವುದೂ ಸಾಕು, ಪೊರೆಯುವುದೂ ಸಾಕು. ಎಷ್ಟು ಸಾಕು ಎಂದು ಕೇಳುವಾಗ ಯಾರಿಗೆ ಎಂದೂ ಕೂಡಿಸಿ ಕೇಳದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ನನಗೆ ಸಾಕಾದಷ್ಟು ಎಂದು ಬರೆಯಲು ಹೊರಟವನಿಗೆ ಹತ್ತು ಯೂನಿಟ್ ಸಾಲದೆ ಹೋಯಿತು. ಎಲ್ಲರಿಗೂ ಎಂದು ಬರೆದಾಗ ಎರಡು ಯೂನಿಟ್‌ನ ಸುತ್ತಮುತ್ತ ಮುಗಿಯಿತು.

ನಿಮ್ಮ ಮನೆಗೂ ಒಂದು ದಿನ ಯಾರಾದರೂ ಹಾಳೆ ಹಿಡಿದು ಬರಬಹುದು. ಬರದಿದ್ದರೂ ಒಂದು ಸಂಜೆ ಮನೆಯವರೆಲ್ಲ ಕುಳಿತು ನೀವೇ ಬರೆದು ನೋಡಿ. ಬರೆದು ಮುಗಿಸಿದ ಮೇಲೆ, ಆ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಇನ್ನೊಮ್ಮೆ ಓದಿ.